ಉದ್ದ ಚೀಟಿಯ ಅಕ್ಕೋರು

ಹೋದ ತಿಂಗಳು ಅಣ್ಣನ ಮಗಳ ಮದುವೆಯ ಕಾರ್ಡು ಮಾಡಿಸಲು ಹಿರೇಕೆರೂರಿನ ಒಂದು ಪ್ರೆಸ್ಸಿಗೆ ಹೋಗಿದ್ದೆ. ಒಳಗೆ ಕಾಗದ ಕತ್ತರಿಸುವ ಯಂತ್ರ ನಡೆದಿತ್ತು. ಅಂಚು ಕತ್ತರಿಸಿದ ಹಾಗೆಲ್ಲ ಉದ್ದುದ್ದ ಪಟ್ಟಿಗಳು ಕೆಳಗಿನ ಬುಟ್ಟಿಗೆ ಬೀಳುತ್ತಿದ್ದವು. ಹಸಿ ಇಂಕು, ಯಂತ್ರದ ಎಣ್ಣೆ, ಆಗ ತಾನೇ ಕತ್ತರಿಸಿದ ಕಾಗದ, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಾಕೆ ಬಂದಿದ್ದೆನೋ ಅದೇ ಮರೆತುಹೋಯಿತು. ಕಾರ್ಡಿಗೆ ಯಾವ ಬಣ್ಣ ಎಂದು ಅಣ್ಣ ಎರಡು ಸಲ ಕೇಳಿದನಂತೆ. ನನ್ನ ಕಿವಿಗೆ ಬೀಳಲೇ ಇಲ್ಲ. ಬುಟ್ಟಿಯನ್ನೇ ನೋಡುತ್ತ ನಿಂತಿದ್ದೆ. ಮೂವತ್ತು ದಾಟಿದ ಹೆಂಗಸು, ಹಾನಗಲ್ಲ ತಾಲೂಕಿನಲ್ಲಿ ಗಣಿತ ಕಲಿಸುವ ಮಾಸ್ತರಬಾಯಿ, ಪ್ರೆಸ್ಸಿನಲ್ಲಿ ನಿಂತು ಕಣ್ಣು ಒರೆಸಿಕೊಂಡರೆ ಜನ ಏನೆಂದಾರು? ಧೂಳು ಬಿತ್ತು ಎಂದು ಹೇಳಿ ಹೊರಗೆ ಬಂದೆ.

ಏಳನೆಯ ತರಗತಿಯಲ್ಲಿ ನಮಗೆ ಗಣಿತ ಕಲಿಸಿದ ಅಕ್ಕೋರು ಇಂಥದೇ ಪಟ್ಟಿಗಳ ಮೇಲೆ ಲೆಕ್ಕ ಬರೆದು ತರುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ವಾಡಿಕೆ. ಇವರು ಸವಣೂರಿನವರು. ಹಿರೇಕೆರೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ದಿನಾ ಬಸ್ಸಿನಲ್ಲಿ ನಮ್ಮ ಹಳ್ಳಿಗೆ ಬರುತ್ತಿದ್ದರು. ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ಹಾವೇರಿಯ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದರು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒಂದು ಖಾದಿ ಚೀಲ. ನಡಿಗೆ ಎಷ್ಟು ಜೋರು ಎಂದರೆ, ಬಸ್ಸಿನಿಂದ ಇಳಿದವರ ಪೈಕಿ ಎಲ್ಲರಿಗಿಂತ ಮೊದಲು ಶಾಲೆಯ ಗೇಟು ಮುಟ್ಟುವವರು ಅವರೇ. ಆ ಚೀಲದಲ್ಲಿ ಇರುತ್ತಿದ್ದದ್ದು ನಮ್ಮ ಚೀಟಿಗಳು.

ಅವುಗಳಿಗೆ ವರ್ಕ್‌ಶೀಟು ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ನಾನು ಟ್ರೇನಿಂಗಿಗೆ ಹೋದ ಮೇಲೆ. ಆಗ ಅವು ನಮ್ಮ ಪಾಲಿಗೆ ಬರಿ ಚೀಟಿ. ಪ್ರೆಸ್ಸಿನವರು ಬಿಸಾಡುವ ಕಾಗದದ ಪಟ್ಟಿಗಳನ್ನು ಅವರು ಕೇಳಿ ತರುತ್ತಿದ್ದರು. ಗೇಣಗಲ, ಮೊಳದುದ್ದ. ನಡುವೆ ಕಾರ್ಬನ್ ಇಟ್ಟು ಒಮ್ಮೆಗೆ ಐದು ಪ್ರತಿ ಒತ್ತಿ ಒತ್ತಿ ಬರೆಯುವುದು. ಬಲಗೈಯ ನಡುಬೆರಳಿಗೆ ಗಂಟು ಬಿದ್ದಿತ್ತು. ಐದನೆಯ ಪ್ರತಿ ಎಷ್ಟು ಮಸುಕಾಗಿರುತ್ತಿತ್ತೆಂದರೆ, ಅದು ಸಿಕ್ಕವರು ಕಿಟಕಿಯ ಬೆಳಕಿಗೆ ಹಿಡಿದು ಓದಬೇಕು. ಒಳ್ಳೆಯ ಪ್ರತಿಗಾಗಿ ನಾವು ಜಗಳಾಡುತ್ತಿದ್ದೆವು, ನಾನಂತೂ ಜುಟ್ಟು ಹಿಡಿದೇ ಜಗಳಾಡುತ್ತಿದ್ದೆ.

ಚೀಟಿಯ ತಲೆಗೆ ಮೂರು ಸಾಲಿನ ಒಂದು ಲೆಕ್ಕ. ಅದರ ಕೆಳಗೆ ‘ಹೆಂಗ ಮಾಡಿದಿ?’ ಎಂದು ಬರೆದು, ಉದ್ದಕ್ಕೂ ಖಾಲಿ ಜಾಗ. ಅಕ್ಕೋರು ಬರೆಯುವಾಗ ಪುಸ್ತಕದ ಮಾತು ಬಳಸುತ್ತಿರಲಿಲ್ಲ, ನಾವು ಆಡುವ ಮಾತನ್ನೇ ಬರೆಯುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ಒಂದು ಚೌಕ. ಅದರ ಮೇಲೆ ‘ಯಾರಿಗೆ ಹೇಳಿದಿ?’ ಎಂಬ ಪ್ರಶ್ನೆ. ಮನೆಯಲ್ಲಿ ಆ ಲೆಕ್ಕ ಬಾರದವರು ಒಬ್ಬರನ್ನು ಕೂಡಿಸಿಕೊಂಡು ನಾವು ಬಾಯಿಂದ ತಿಳಿಸಿ ಹೇಳಬೇಕು. ಅವರಿಗೆ ತಿಳಿದರೆ ಆ ಚೌಕದಲ್ಲಿ ತಮ್ಮ ಗುರುತು ಹಾಕಬೇಕು. ತಿಳಿಯದಿದ್ದರೆ ಹಾಕಬಾರದು. ಇದು ಅಕ್ಕೋರ ಕಾಯಿದೆ. ಒಬ್ಬ ಹುಡುಗನ ಅಜ್ಜ ಕುಡುಗೋಲಿನ ಚಿತ್ರ ಬರೆಯುತ್ತಿದ್ದ. ಇನ್ನೊಬ್ಬಳ ಅತ್ತೆ ಅರಿಶಿನದ ಬೆರಳು ಒತ್ತುತ್ತಿದ್ದಳು. ನನ್ನ ಅವ್ವ, ‘ಹೆಬ್ಬಟ್ಟು ಮಾತ್ರ ಒತ್ತಂಗಿಲ್ಲ ನೋಡು, ನನಗೂ ಮರ್ಯಾದಿ ಐತಿ’ ಎಂದು ಹಟ ಹಿಡಿದು ಪೆನ್ನು ಕಸಿದುಕೊಂಡು ಮೂರು ಚುಕ್ಕಿ ಇಟ್ಟಳು. ಅವಳ ಮುಂಗೈ ಮೇಲಿನ ಹಚ್ಚೆಯೂ ಅದೇ ಮೂರು ಚುಕ್ಕಿ. ಅಂದಿನಿಂದ ಅದೇ ಅವಳ ಸಹಿಯಾಯಿತು.

ನಾನು ಗಣಿತದಲ್ಲಿ ಚುರುಕು. ಈ ಮಾತನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಆಗ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ಸೊಕ್ಕು. ಮೊದಲ ಚೀಟಿಯಲ್ಲಿ ಉತ್ತರ ಬರೆದು, ‘ಹೆಂಗ ಮಾಡಿದಿ?’ ಎಂಬಲ್ಲಿ ‘ಮನಸಿನಾಗ’ ಎಂದು ಒಂದೇ ಶಬ್ದ ಬರೆದು ಕೊಟ್ಟೆ. ಉತ್ತರ ಸರಿಯಿತ್ತು. ಅಕ್ಕೋರು ಕೆಂಪು ಪೆನ್ನಿನಿಂದ ದುಂಡಗೆ ಒಂದು ಸೊನ್ನೆ ಹಾಕಿಕೊಟ್ಟರು. ನನಗೆ ಉರಿದುಹೋಯಿತು. ಎದ್ದು ನಿಂತು ಕೇಳಿಯೇಬಿಟ್ಟೆ.

‘ಸರಿ ಐತಲ್ರಿ ಅಕ್ಕೋರ, ಮತ್ತ ಸೊನ್ನಿ ಯಾಕ?’

‘ನಿನ್ನ ಮನಸಿನಾಗ ಏನೈತಿ ಅಂತ ನನಗ ಹೆಂಗ ಗೊತ್ತಾಗಬೇಕು ಬೇಟಾ? ನಾ ಏನ್ ನಿನ್ನ ತಲಿಯೊಳಗ ಹೊಕ್ಕು ನೋಡ್ಲೇನು? ಹೇಳು, ಬರಿ. ಹೇಳಾಕ ಬಂದರ ಬಂದಂಗ’ ಎಂದರು. ನಗುತ್ತಲೇ ಅಂದರು. ಸಿಟ್ಟಿನಲ್ಲಿದ್ದವಳಿಗೆ ಎದುರಿನವರ ನಗು ಎಷ್ಟು ಚುಚ್ಚುತ್ತದೆ ಎಂದು ಹೇಳಬೇಕಾಗಿಲ್ಲ.

ಆದರೂ ಆ ವರ್ಷದ ಮೊದಲ ಎರಡು ತಿಂಗಳು... ಅವನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ದಶಮಾಂಶ ಪಾಠ ನಡೆದಿತ್ತು. ಚೀಟಿಯಲ್ಲಿ ಎರಡು ಪ್ರಶ್ನೆ. ಅರ್ಧ ಎಕರೆಯನ್ನು ದಶಮಾಂಶದಲ್ಲಿ ಬರೆ. 0.5 ಎಕರೆ ಅಂದರೆ ಎಷ್ಟು ಗುಂಟೆ? ನಾನು ಮೊದಲನೆಯದಕ್ಕೆ ಝಟ್ಟನೆ 0.20 ಎಂದು ಬರೆದೆ. ನಾನೊಬ್ಬಳೇ ಅಲ್ಲ, ತರಗತಿಯ ಅರ್ಧ ಮಕ್ಕಳು ಹಾಗೇ ಬರೆದಿದ್ದರು. ನಮ್ಮ ತಪ್ಪಲ್ಲ ಅದು. ಮನೆಯಲ್ಲಿ ಹೊಲದ ಉತಾರ, ಅಂದರೆ ಪಹಣಿ, ನೋಡಿದ ಮಕ್ಕಳು ನಾವು. ಅದರಲ್ಲಿ ಅರ್ಧ ಎಕರೆ ಎಂದರೆ ಸೊನ್ನೆ, ಪಕ್ಕಕ್ಕೆ ಇಪ್ಪತ್ತು ಎಂದೇ ಇರುತ್ತದೆ, ಯಾಕೆಂದರೆ ಎಕರೆಗೆ ನಲವತ್ತು ಗುಂಟೆ. ಎರಡನೆಯದಕ್ಕೆ ಐದು ಗುಂಟೆ ಎಂದು ಬರೆದೆ. ಅಕ್ಕೋರು ಯಾವುದನ್ನೂ ತಪ್ಪು ಹಾಕಲಿಲ್ಲ. ಉತ್ತರದ ಪಕ್ಕದಲ್ಲಿ ಸಣ್ಣಗೆ ‘ಹೆಂಗ?’ ಎಂದು ಮಾತ್ರ ಬರೆದು ಚೀಟಿ ವಾಪಸು ಕೊಟ್ಟು, ಮನೆಯಲ್ಲಿ ಹೇಳಿ ಬಾ ಎಂದರು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಪಾಯಿಂಟು ಇಪ್ಪತ್ತು, ಪಾಯಿಂಟು ಐದು ಎಂದು ಶುರುಮಾಡಿದೆ. ಪಾಯಿಂಟು ಐದು ಎಂದರೆ ಹತ್ತು ಪಾಲಿನಲ್ಲಿ ಐದು, ಅದೂ ಅರ್ಧವೇ ಎಂದು ಅಕ್ಕೋರು ಹೇಳಿದ್ದಾರೆ, ಅಂದರೆ ಐದು ಗುಂಟೆ ಎಂದೆ. ಅವ್ವನ ಕೈ ನಿಂತಿತು.

‘ಐದು ಗುಂಟೆದಾಗ ಒಂದು ಎಮ್ಮಿ ಸೈತ ಮೇಯಂಗಿಲ್ಲ. ಅದು ಅರ್ಧ ಎಕರೆ ಹೆಂಗ ಆದೀತಲೇ ಖೋಡಿ?’

ನಾನು ವಾದಿಸಿದೆ. ಪುಸ್ತಕದಲ್ಲಿ ಹಾಗೇ ಇದೆ ಎಂದು ಸುಳ್ಳೂ ಹೇಳಿದೆ. ಅವ್ವ ರೊಟ್ಟಿಯ ಹಿಟ್ಟನ್ನೇ ಉದ್ದಕ್ಕೆ ಹೊಸೆದು ಹತ್ತು ತುಂಡು ಮಾಡಿ, ಇದು ಎಕರೆ, ಇದರಾಗ ಐದು ತುಂಡು ತಗಿ, ಒಂದು ತುಂಡಿಗೆ ಎಷ್ಟು ಗುಂಟೆ ಬಂತು ಹೇಳು ಎಂದಳು. ನಾಲ್ಕು. ಐದು ತುಂಡಿಗೆ ಇಪ್ಪತ್ತು. ಅಯ್ಯ ಶಿವನೇ! ಉತಾರದ ಇಪ್ಪತ್ತು ನಲವತ್ತರಲ್ಲಿ ಇಪ್ಪತ್ತು, ಪುಸ್ತಕದ ಐದು ಹತ್ತರಲ್ಲಿ ಐದು. ಅರ್ಧ ಒಂದೇ, ಬರೆಯುವ ರೀತಿ ಎರಡು. ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವ ಹಿಟ್ಟಿನಲ್ಲಿ ದಶಮಾಂಶ ಮಾಡಿ ತೋರಿಸಿದ್ದಳು. ನಾನು ಹಾರಾಡುತ್ತ ಎರಡು ಚೀಟಿ ಅಂಟಿಸಿ, ಉದ್ದಕ್ಕೆ ನಾನು ಮಾಡಿದ ತಪ್ಪು, ಎಮ್ಮೆಯ ಮಾತು, ಹಿಟ್ಟಿನ ಹತ್ತು ತುಂಡು, ಕೊನೆಗೆ ಸರಿಯಾದದ್ದು ಎಲ್ಲವನ್ನೂ ಬರೆದೆ. ಅವ್ವ ಹಿಟ್ಟಿನ ಕೈಯಲ್ಲೇ ಮೂರು ಚುಕ್ಕಿ ಇಟ್ಟಳು.

ಮರುದಿನ ಅಕ್ಕೋರು ಅದನ್ನು ಓದುತ್ತ ಓದುತ್ತ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ‘ಇಂಥಾದ್ದು ಒಂದು ಬಂದರ ಸಾಕು, ನನ್ನ ವರ್ಷ ಸಾರ್ಥಕ ಆತು’ ಎಂದರು. ಗೋಡೆಗೆ ಒಂದು ಹುರಿ ಕಟ್ಟಿ ಒಳ್ಳೆಯ ಚೀಟಿಗಳನ್ನು ತೂಗುಹಾಕುವ ಪದ್ಧತಿ ಇತ್ತು. ನನ್ನದನ್ನು ನಟ್ಟನಡುವೆ ಹಾಕಿದರು. ಮೇಲಿನ ತಪ್ಪು ಉತ್ತರವನ್ನು ಹೊಡೆದುಹಾಕಲೇನ್ರಿ ಎಂದು ಕೇಳಿದೆ. ‘ಇರಲಿ ಬಿಡು. ಎಲ್ಲಿಂದ ಎಲ್ಲಿಗೆ ಬಂದಿ ಅನ್ನೋದು ಕಾಣಬೇಕಲ್ಲ’ ಎಂದರು.

ಸೆಪ್ಟೆಂಬರಿನ ಹೊತ್ತಿಗೆ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಶುರುವಾಯಿತು. ಗಂಡು ಹೂವನ್ನು ತಂದು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸುವ ಕೆಲಸ. ನಮ್ಮ ಕಡೆಯ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಹೋಗಿ ಸಂಜೆಗೆ ಬರುತ್ತಿದ್ದರು. ಅವ್ವನೂ ಹೋಗುತ್ತಿದ್ದಳು. ಬಂದವಳು ಉಂಡದ್ದೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಲೆಕ್ಕ ಹೇಳುತ್ತೇನೆ ಕೇಳು ಎಂದರೆ ‘ನಾಳೆ ಕೇಳ್ತೇನಿ ಬಿಡ ಯವ್ವಾ, ಬೆನ್ನು ಸೀಳಾಕತ್ತೈತಿ’ ಎನ್ನುತ್ತಿದ್ದಳು. ಮೊದಲ ದಿನ ನನಗೆ ಪಾಪ ಅನ್ನಿಸಿತು. ಎರಡನೆಯ ದಿನ ಬೇಜಾರಾಯಿತು. ಮೂರನೆಯ ದಿನ ನಾನೇ ಮೂರು ಚುಕ್ಕಿ ಇಟ್ಟೆ. ಎಷ್ಟು ಹಗುರ ಕೆಲಸ! ಕುಡುಗೋಲು ಬರೆಯಬೇಕೆಂದರೆ ಕಷ್ಟವಿತ್ತು, ಚುಕ್ಕಿ ಇಡಲು ಏನು? ನನಗೆ ಲೆಕ್ಕ ಬರುತ್ತಿತ್ತು, ಇನ್ನೊಬ್ಬರಿಗೆ ಹೇಳುವುದು ಬರಿ ದಂಡ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾಲ್ಕು ವಾರ ಹೀಗೇ ನಡೆಯಿತು.

ಸಂತೆಯ ದಿನ ಹಿರೇಕೆರೂರಿನಲ್ಲಿ ಅಕ್ಕೋರು ಅವ್ವನಿಗೆ ಎದುರಾದರು. ರೈಲಿನ ಲೆಕ್ಕ ಮಗಳು ಚಂದ ಹೇಳಿದಳೇ ಎಂದು ಕೇಳಿದರಂತೆ. ‘ಯಾವ ರೈಲರಿ ಅಕ್ಕೋರ? ನಾ ಹುಟ್ಟಿದಾಗಿಂದ ರೈಲು ಕಂಡಾಕಿ ಅಲ್ಲ’ ಎಂದಳಂತೆ ಅವ್ವ. ಅಲ್ಲಿಗೆ ನನ್ನ ಬಣ್ಣ ಬಯಲಾಯಿತು.

ಅಕ್ಕೋರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಮರುದಿನ ಬಿಸಿಯೂಟದ ಅಡಿಗೆಯ ಕಾಕಿಯನ್ನು ತರಗತಿಗೆ ಕರೆದು ಕುರ್ಚಿಯ ಮೇಲೆ ಕೂಡಿಸಿ, ‘ಅವ್ವಗ ಹೇಳಾಕ ಆಗಲಿಲ್ಲಲ್ಲ, ಈಗ ಇವರಿಗೆ ಹೇಳು’ ಎಂದರು. ಅದು ಯಲವಿಗಿ ಸ್ಟೇಷನ್ನಿನ ಲೆಕ್ಕ. ಪ್ಲಾಟ್‌ಫಾರ್ಮು ಇನ್ನೂರು ಮೀಟರು, ರೈಲು ನೂರೈವತ್ತು ಮೀಟರು. ಪ್ಲಾಟ್‌ಫಾರ್ಮನ್ನು ಪೂರ್ತಿ ದಾಟಲು ರೈಲು ಎಷ್ಟು ದೂರ ಓಡಬೇಕು? ಮುನ್ನೂರೈವತ್ತು ಎಂದೆ. ಕಾಕಿ ಗಲ್ಲಕ್ಕೆ ಕೈಯಿಟ್ಟು, ‘ಗಾಡಿ ತನ್ನ ಉದ್ದ ತಾನ ಯಾಕ ಓಡಬೇಕವಾ?’ ಎಂದು ಕೇಳಿದಳು. ನಾನು ಎರಡನ್ನೂ ಕೂಡಿಸಬೇಕು ಎಂದೆ. ಯಾಕೆ ಎಂದಳು. ಕೂಡಿಸಬೇಕು, ಅಷ್ಟೇ ಎಂದೆ. ‘ತಿಳೀವಲ್ದವಾ’ ಎಂದಳು. ನನ್ನ ಬಾಯಿ ಒಣಗಿತು. ಯಾಕೆ ಕೂಡಿಸಬೇಕೆಂಬುದು ನಿಜವಾಗಿ ನನಗೂ ತಿಳಿದಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾವಾಗಲೂ ಮಸುಕು ಪ್ರತಿ ಸಿಗುವ ಒಬ್ಬ ಹುಡುಗಿ ಎದ್ದು ಬಂದು, ಕಾಕಿಯ ಕೈಯ ಸೌಟನ್ನು ಮೇಜಿನ ಮೇಲೆ ಉದ್ದಕ್ಕೆ ಸರಿಸಿದಳು. ‘ಮೂತಿ ದಾಟಿತು ನೋಡು ಕಾಕಿ, ಬಾಲ ಇನ್ನೂ ಮೇಜಿನ ಮ್ಯಾಲ ಐತಿ. ಬಾಲ ದಾಟೂತನಕ ಓಡಬೇಕಲ್ಲ?’ ಎಂದಳು. ಕಾಕಿ ಚಪ್ಪಾಳೆ ತಟ್ಟಿದಳು. ಇಡೀ ತರಗತಿ ತಟ್ಟಿತು. ಅಕ್ಕೋರು ಆ ಹುಡುಗಿಯ ಬೆನ್ನು ಸವರಿದರು. ನನ್ನ ಕಡೆ ನೋಡಿ ಕೆಲವರು ಕಿಸಕ್ಕನೆ ನಕ್ಕರು.

ಆ ನಗು ನನ್ನ ಕಿವಿಯಲ್ಲಿ ಕುಳಿತುಬಿಟ್ಟಿತು. ಅಕ್ಕೋರ ಮೇಲೆ ಹಲ್ಲು ಕಚ್ಚಿದೆ. ಮುಂದೆ ಅವರು ಏನು ಕೇಳಿದರೂ ನಾನು ಬಾಯಿ ಬಿಡುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿಕೊಂಡೆ. ಹನ್ನೆರಡು ವರ್ಷದ ಹುಡುಗಿಯ ಆಣೆ ಎರಡು ದಿನ ನಿಲ್ಲುತ್ತದೆ, ಮೂರನೆಯ ದಿನ ಮರೆತುಹೋಗುತ್ತದೆ. ನನ್ನ ದುರ್ದೈವಕ್ಕೆ, ಎರಡನೆಯ ದಿನವೇ ತಪಾಸಣೆಗೆ ಸಾಹೇಬರು ಬಂದರು.

ಸಾಹೇಬರಿಗೆ ಅವಸರ. ಪಾಠ ಎಷ್ಟಾಗಿದೆ ಎಂದು ಕೇಳಿದರು, ಅಷ್ಟೇನೂ ಆಗಿರಲಿಲ್ಲ. ಗೋಡೆಯ ಹುರಿಯ ಮೇಲೆ ಕಣ್ಣು ಬಿತ್ತು. ನಟ್ಟನಡುವೆ ನನ್ನ ಚೀಟಿ. ಮೇಲಿನ ಸಾಲು ಓದಿದರು. ಅರ್ಧ ಎಕರೆ 0.20. ಪಕ್ಕದಲ್ಲಿ ಕೆಂಪು ಗುರುತಿಲ್ಲ.

‘ಏನ್ರಿ ಇದು? ಅರ್ಧ ಅಂದ್ರ ಪಾಯಿಂಟ್ ಇಪ್ಪತ್ತಾ? ತಪ್ಪು ಬರದದ್ದನ್ನ ಗ್ವಾಡಿಗೆ ಹಾಕೀರಿ, ಒಂದು ಕಾಟೂ ಹೊಡದಿಲ್ಲ!’

‘ಕೆಳಗ ಓದ್ರಿ ಸರ್. ಆಕಿ ತಪ್ಪನ್ನ ಆಕಿನ ತಿದ್ದಿಕೊಂಡಾಳ’ ಎಂದರು ಅಕ್ಕೋರು. ಸಾಹೇಬರು ಓದಲಿಲ್ಲ. ಎಮ್ಮೆ, ಹಿಟ್ಟು ಎಂದು ನಡುವೆ ಕಂಡ ಎರಡು ಶಬ್ದಗಳನ್ನು ಗಟ್ಟಿಯಾಗಿ ಅಂದು ಮುಖ ಸಿಂಡರಿಸಿದರು. ಆಗ ಅಕ್ಕೋರು ನನ್ನ ಕಡೆ ತಿರುಗಿದರು. ಆ ಮುಖದ ತುಂಬ ಹೆಮ್ಮೆ ಇತ್ತು. ಎರಡು ದಿನದ ಹಿಂದೆ ನನ್ನನ್ನು ನಿಲ್ಲಿಸಿ ಕೇಳಿದ್ದು ಅವರ ಮನಸ್ಸಿನಲ್ಲಿ ಇರಲೇ ಇಲ್ಲ. ‘ಬರದಾಕಿನ ಇಲ್ಲೆ ಅದಾಳರಿ. ಹೇಳು ಬೇಟಾ, ಅವ್ವಗ ಹೇಳಿದಂಗ ಹೇಳು’ ಎಂದರು.

ನಾನು ಎದ್ದು ನಿಂತೆ. ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಹತ್ತು ತುಂಡು, ನಾಲ್ಕು ಗುಂಟೆ, ಐದು ತುಂಡಿಗೆ ಇಪ್ಪತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಹೇಳಲಿಲ್ಲ. ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ. ಅಕ್ಕೋರು ಮತ್ತೊಮ್ಮೆ, ಈ ಸಲ ಸಣ್ಣ ದನಿಯಲ್ಲಿ, ‘ಹೇಳವಾ’ ಎಂದರು. ಈಗ ಗೊತ್ತಾಯಿತೇನು, ಮಂದಿಯ ಮುಂದೆ ನಿಂತು ಬಾಯಿ ಒಣಗುವುದು ಎಂದರೆ ಏನೆಂದು! ಹೀಗೆಂದು ನಾನು ಒಳಗೊಳಗೇ ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಅದನ್ನು ಮುಚ್ಚಿಟ್ಟು ಏನು ಮಾಡಲಿ?

‘ನೋಡ್ರಿ, ಬರದಾಕಿಗೇ ಗೊತ್ತಿಲ್ಲ. ನೀವು ಹೇಳಿ ಬರಿಸೀರಿ, ತೋರಸಾಕ ತೂಗುಹಾಕೀರಿ’ ಎಂದರು ಸಾಹೇಬರು. ಚೌಕದೊಳಗಿನ ಗುರುತುಗಳನ್ನೂ ತೋರಿಸಿ, ಇವೂ ಇಲ್ಲೇ ಕುಳಿತು ಹಾಕಿದವೇ ಇರಬೇಕು ಎಂದು ನಕ್ಕರು. ಕಳ್ಳ ಚುಕ್ಕಿ ಇಟ್ಟವಳು ನಾನು. ಆ ಕಳ್ಳತನದ ಮಾತು ಬಂದು ಬಿದ್ದದ್ದು ಅವರ ಮೇಲೆ. ಅಕ್ಕೋರು ನನ್ನ ಹೆಸರು ಎತ್ತಲಿಲ್ಲ. ಪುಸ್ತಕದ ಪಾಠ ಮುಗಿಸಬೇಕು, ಈ ಚೀಟಿಗಳ ಆಟ ನಿಲ್ಲಬೇಕು ಎಂದು ಸಾಹೇಬರು ಬರೆದಿಟ್ಟು ಹೋದರು.

ಅವರು ಹೋದ ಮೇಲೆ ಅಕ್ಕೋರು ಸ್ಟೂಲು ಹತ್ತಿ ಹುರಿಯ ಗಂಟು ಬಿಚ್ಚಿದರು. ಚೀಟಿಗಳನ್ನು ಒಂದೊಂದಾಗಿ ತೆಗೆದು, ಮಡಿಸದೆ, ಸುರುಳಿ ಸುತ್ತಿ ಅವರವರ ಕೈಗೆ ಕೊಟ್ಟರು. ನನ್ನದನ್ನು ಕೊಡುವಾಗ ನಾನು ಮುಖ ಮೇಲೆತ್ತಲಿಲ್ಲ. ಮನೆಗೆ ಹೋಗಿ ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಯಾಕೆ ಎಂದು ಅವ್ವ ಎಷ್ಟು ಕೇಳಿದರೂ ಹೇಳಲಿಲ್ಲ.

ಮುಂದಿನ ಐದು ತಿಂಗಳು ಅಕ್ಕೋರು ಪುಸ್ತಕದ ಲೆಕ್ಕ ಮಾಡಿಸಿದರು. ಬೋರ್ಡಿನ ಮೇಲೆ ಅವರು ಬರೆಯುವುದು, ನಾವು ಇಳಿಸಿಕೊಳ್ಳುವುದು. ತರಗತಿ ಎಷ್ಟು ಸಪ್ಪಳವಿಲ್ಲದೆ ಇರುತ್ತಿತ್ತೆಂದರೆ, ಅಡಿಗೆಮನೆಯ ಕಾಕಿ ಬಂದು ಇಣುಕಿ ನೋಡಿ ಹೋಗುತ್ತಿದ್ದಳು. ಅಕ್ಕೋರು ನನ್ನನ್ನು ಮತ್ತೆ ಒಂದು ಸಲವೂ ಎಬ್ಬಿಸಿ ನಿಲ್ಲಿಸಲಿಲ್ಲ. ನನ್ನ ಬೆಂಚಿನ ಹತ್ತಿರ ಬಂದಾಗ ಹೆಜ್ಜೆ ನಿಧಾನವಾಗುತ್ತಿತ್ತು, ನೋಟುಬುಕ್ಕು ನೋಡುತ್ತಿದ್ದರು, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟು ಎಂದು ನಾನು ತಿಳಿದುಕೊಂಡೆ. ಸಿಟ್ಟು ಇಳಿದ ಮೇಲೆ ಹೇಳಿದರಾಯಿತು ಎಂದು ಕಾಯುತ್ತ ಕುಳಿತೆ.

ಫಲಿತಾಂಶದ ದಿನ ಅವರು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ನಾನು ಓಡಿ ಹೋದೆ. ಹೇಳಬೇಕೆಂದೇ ಹೋದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಬಂತು... ಜೂನಿನಲ್ಲಿ ನಾನು ಹೈಸ್ಕೂಲಿಗೆ ಹಿರೇಕೆರೂರಿಗೆ ಹೋದೆ. ಅವರು ಸವಣೂರ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು ಎಂದು ಕಾಕಿ ಹೇಳಿದಳು. ಊರು ಹತ್ತಿರವಾಯಿತೆಂದು ಹೋದರೋ, ನಮ್ಮ ಶಾಲೆ ಸಾಕಾಯಿತೆಂದು ಹೋದರೋ, ನನಗೆ ಗೊತ್ತಿಲ್ಲ.

ನಾನು ಗಣಿತವನ್ನೇ ಓದಿದೆ, ಗಣಿತದ ಟೀಚರೇ ಆದೆ. ಈಗ ನಮ್ಮ ಶಾಲೆಗೆ ಅಚ್ಚಾದ ಹಾಳೆಗಳೇ ಬರುತ್ತವೆ, ಚಿತ್ರ, ಬಣ್ಣ ಎಲ್ಲ ಇರುತ್ತದೆ. ನಾನು ಪ್ರತಿಯೊಂದರ ಕೆಳಗೆ ಪೆನ್ನಿನಿಂದ ‘ಹೆಂಗ ಮಾಡಿದಿ?’ ಎಂದು ಬರೆದೇ ಕೊಡುತ್ತೇನೆ. ಮಕ್ಕಳು ಎದ್ದು ನಿಂತು ತಪ್ಪೋ ಸರಿಯೋ ಒದರಾಡುತ್ತಾರೆ. ನಮ್ಮ ಕೋಣೆಯ ಗದ್ದಲಕ್ಕೆ ಪಕ್ಕದ ಕೋಣೆಯ ಸರ್ ಬಾಗಿಲು ಹಾಕಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡುವವಳಿಗೆ ಅಕ್ಕೋರ ಮನೆಗೆ ಹೋಗುವುದು ಮಾತ್ರ ಆಗಲಿಲ್ಲ. ಅವರ ಮನೆ ಸವಣೂರಿನ ಯಾವ ಓಣಿಯಲ್ಲಿದೆ ಎಂದು ಶಿಗ್ಗಾಂವಿಯ ಒಂದು ತರಬೇತಿಯಲ್ಲಿ ಆರು ವರ್ಷದ ಹಿಂದೆಯೇ ತಿಳಿದಿತ್ತು. ಹಾನಗಲ್ಲಿನಿಂದ ಎರಡು ಬಸ್ಸಿನ ದಾರಿ. ರಜೆ ಬರಲಿ ಎಂದೆ, ಪರೀಕ್ಷೆ ಮುಗಿಯಲಿ ಎಂದೆ. ನಾಚಿಕೆಗೆ ನೆಪ ಬೇಕಲ್ಲ.

ಪ್ರೆಸ್ಸಿನಿಂದ ಬಂದ ಮುಂದಿನ ಭಾನುವಾರವೇ ಹೊರಟುಬಿಟ್ಟೆ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ತೆರೆದವರು ಅವರ ತಂಗಿ. ಅದೇ ಮೂಗು, ಅದೇ ತಲೆಯ ಮೇಲಿನ ಸೆರಗು. ಒಂದು ಕ್ಷಣ ನನ್ನ ಜೀವ ಹಾರಿತು. ಅಕ್ಕೋರ ಹತ್ತಿರ ಕಲಿತವಳು ನಾನು, ನೋಡಲು ಬಂದೆ ಎಂದೆ. ಅವರು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು.

‘ನಮ್ಮ ಆಪಾ, ನಿಮ್ಮ ಅಕ್ಕೋರು, ತೀರಿಹೋಗಿ ಎಂಟು ತಿಂಗಳಾತ್ರಿ. ಬರ್ರಿ ಒಳಗ, ಕುಂದರ್ರಿ. ಚಾ ಕುಡದು ಹೋಗ್ರಿ.’

ನಾನು ಕುಳಿತೆ. ಅವರು ಚಹಾ ತಂದಿಟ್ಟು ಎದುರು ಕುಳಿತು, ಕೊನೆಯ ದಿನಗಳ ಕಾಯಿಲೆ, ಆಸ್ಪತ್ರೆ ಎಲ್ಲ ಹೇಳಿದರು. ಯಾವ ಊರಿನ ಶಾಲೆಯಲ್ಲಿ ಕಲಿತಿರಿ ಎಂದು ಕೇಳಿದರು. ಹಿರೇಕೆರೂರ ಕಡೆಯವಳು ಎಂದೊಡನೆ ಅವರ ಕೈಯ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು.

‘ಆ ಕಡಿ ಶಾಳ್ಯಾಗ ಒಂದು ಹುಡುಗಿ ಇದ್ದಳಂತಲ್ರಿ. ಬಾಳ ಶಾಣ್ಯಾ, ಬಾಯಿ ಬಡಕಿ. ಆಕಿ ಏನೋ ಸಣ್ಣ ಸುಳ್ಳು ಮಾಡಿದ್ದಕ್ಕ ಆಪಾ ಮಂದಿ ಮುಂದ ನಿಂದರಿಸಿ ಕೇಳಿದ್ಲಂತ. ಆವತ್ತಿಂದ ಆ ಕೂಸಿನ ಬಾಯಿನ ಕಟ್ಟಿಹೋತಂತ. ದೊಡ್ಡ ಸಾಹೇಬರು ಬಂದು ಕೇಳಿದರೂ ಒಂದು ಮಾತು ಹೊರಗ ಬರಲಿಲ್ಲಂತ. “ನಾನ ಆ ಕೂಸಿನ ಬಾಯಿ ಮುಚ್ಚಿಸಿದೆ” ಅಂತ ಸಾಯೂತನಕ ಅಂದ್ಲರಿ.’

ನಾನು ಲೋಟವನ್ನು ಕೆಳಗಿಟ್ಟೆ.

‘ಇಲ್ಲಿ ಬಂದ ಮ್ಯಾಲ ಚೀಟಿ ಬರದು ಕೊಡ್ತಿದ್ಲರಿ, ಆದ್ರ ಯಾವ ಹುಡುಗರನ್ನೂ ಎಬ್ಬಿಸಿ ಹೇಳು ಅನ್ನಲಿಲ್ಲ. ಬರದರ ಸಾಕು, ಮಂದಿ ಮುಂದ ಬ್ಯಾಡ ಅಂತಿದ್ಲು. ರಿಟೈರ್ ಆಗೂತನಕ ಹಂಗ ನಡಿಸಿದ್ಲು. ಆ ಕಡಿಯವರು ಯಾರರ ಬಂದರ ಸಾಕು, ಆ ಹುಡುಗಿ ಆಮ್ಯಾಲ ಮಾತಾಡಿದ್ಲೇನು ಅಂತ ಕೇಳಾಕಿ. ನಿಮಗ ಗೊತ್ತದಾಳೇನ್ರಿ ಆಕಿ?’

ಅವರ ಮೇಲಿನ ಸಿಟ್ಟನ್ನು ನಾನು ಎರಡೇ ದಿನ ಇಟ್ಟುಕೊಂಡಿದ್ದೆ. ಅವರಿಗೆ ನನ್ನ ಮೇಲೆ ಸಿಟ್ಟು ಎಂದು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ. ಅಷ್ಟೂ ವರ್ಷ ಅವರು ನನ್ನ ಬಾಯಿಯ ಚಿಂತೆಯಲ್ಲಿದ್ದರು. ಅಕ್ಕೋರ, ನನಗ ಬರ್ತಿತ್ತರಿ, ಸಿಟ್ಟಿಗೆ ಹೇಳಲಿಲ್ಲ, ಈಗ ದಿನಾ ಆರು ತಾಸು ಮಾತಾಡ್ತೇನಿ. ಇಷ್ಟೇ ಮಾತು. ಇಷ್ಟನ್ನು ಬಂದು ಹೇಳಿದ್ದರೆ ಅವರು ಮತ್ತೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಸವಣೂರಿನಲ್ಲಿ ಎಷ್ಟು ಮಕ್ಕಳು ಬಾಯಿ ಬಿಚ್ಚುತ್ತಿದ್ದರೋ...

‘ನಾನರಿ ಆಕಿ’ ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಉತಾರದ ಇಪ್ಪತ್ತು, ಅವ್ವನ ಹಿಟ್ಟು, ಕಳ್ಳ ಚುಕ್ಕಿ, ಆಣೆ, ಸಾಹೇಬರ ಮುಂದೆ ನನಗಾದ ಖುಷಿ, ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು, ಅತ್ತೆ, ಮತ್ತೆ ಹೇಳಿದೆ. ಅವರ ತಂಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕೊನೆಯತನಕ ಕೇಳಿದರು. ನನ್ನ ಕೈಮೇಲೆ ಕೈಯಿಟ್ಟು, ‘ಎಷ್ಟ ಚಂದ ಹೇಳ್ತಿಯವಾ’ ಎಂದರು. ಈ ಮಾತು ಕೇಳಬೇಕಾಗಿದ್ದವರು ಆ ಮನೆಯಲ್ಲಿ ಇರಲಿಲ್ಲ.